ಅರ್ಜಿಯಲ್ಲಿ ‘ಸಮಾಜ’ಕ್ಕೂ ಒಂದು ಕಾಲಂ ಕೊಡಿ

‘ಕೃತಕ ಬುದ್ಧಿಮತ್ತೆ ಮತ್ತು ಸಮಾಜ’ ಅಂತ ಪಿಎಚ್‌ಡಿ ಮಾಡೋದು ಬೆಂಗಳೂರಿನ ಟೆಕ್ಕಿಗಳ ಹೊಸ ಆಸೆ. ನನಗೂ ಇದೆ. ಒಂದು ಕಡೆ ಅರ್ಜಿ ಹಾಕಿ ಸಂದರ್ಶನಕ್ಕೂ ಹೋಗಿ ಬಂದೆ. ಕೋಡಿಂಗ್ ಬರುತ್ತಾ, ಎಷ್ಟು ಪೇಪರ್ ಬರೆದಿದ್ದೀರಿ, ಶಿಫಾರಸು ಪತ್ರ ಯಾರದ್ದು, ಎಲ್ಲಾ ವಿಚಾರಿಸಿದರು. ಯಾವ ಜನರ ನಡುವೆ ಕೆಲಸ ಮಾಡ್ತೀರಿ, ಅವರ ಮಾತು ನಿಮಗೆ ಬರುತ್ತಾ ಅಂತ ಒಬ್ಬರೂ ಕೇಳಲಿಲ್ಲ. ಬುದ್ಧಿಮತ್ತೆಗೆ ಹತ್ತು ಕಾಲಂ, ಸಮಾಜಕ್ಕೆ ಒಂದೂ ಇಲ್ಲ.

ನಾನು ಪಿರಿಯಾಪಟ್ಟಣದವನು. ನಮ್ಮ ಸುತ್ತಲಿನ ನಾಲ್ಕು ತಾಲೂಕುಗಳಲ್ಲಿ ಈ ‘ಸಮಾಜ’ ಹೇಗಿದೆ ನೋಡಿ.

ಪಿರಿಯಾಪಟ್ಟಣ, ಹುಣಸೂರು ಅಂದರೆ ಹೊಗೆಸೊಪ್ಪು. ಹರಾಜಿನಲ್ಲಿ ಬೇಲ್‌ನ ದರ್ಜೆ ಒಂದು ಮೆಟ್ಟಿಲು ಇಳಿದರೆ ಸಾಕು, ರೈತನ ವರ್ಷದ ಲೆಕ್ಕ ತಲೆಕೆಳಗು. ದರ್ಜೆ ಹಾಕೋದು ಮನುಷ್ಯರಾದರೆ ಜಗಳಕ್ಕಾದರೂ ನಿಲ್ಲಬಹುದು. ನಾಳೆ ಕ್ಯಾಮೆರಾ ದರ್ಜೆ ಹಾಕಿದರೆ ಯಾರ ಹತ್ತಿರ ಜಗಳ ಆಡೋದು? ಕೆ.ಆರ್. ನಗರದ ಭತ್ತದ ಗದ್ದೆಗೆ ಬನ್ನಿ. ಬೆಳೆ ಸಮೀಕ್ಷೆಯ ಆ್ಯಪ್‌ನಲ್ಲಿ ತಪ್ಪು ಬೆಳೆ ದಾಖಲಾದರೆ ವಿಮೆಗೂ ಅಲೆದಾಟ, ಪರಿಹಾರಕ್ಕೂ ಅಲೆದಾಟ. ಅಂಗನವಾಡಿಯಿಂದ ಬಾಣಂತಿ ಮನೆಗೆ ಒಯ್ಯುವ ಆಹಾರಕ್ಕೆ ಈಗ ಪೋಷಣ್ ಟ್ರ್ಯಾಕರ್ ಆ್ಯಪ್ ಅವಳ ಮುಖ ಗುರುತಿಸಬೇಕು. ಎಚ್.ಡಿ. ಕೋಟೆಯ ಕಾಡಂಚಿನ ಹಾಡಿಯಲ್ಲಿ ಮುಖ ತಾಳೆಯಾಗದಿದ್ದರೆ, ಜೇನು ಕುರುಬರ ಹೆಣ್ಣುಮಗಳು ತನ್ನ ನುಡಿಯಲ್ಲಿ ಯಾವ ಸಹಾಯವಾಣಿಗೆ ಫೋನ್ ಮಾಡಬೇಕು?

ಇವು ಪಿಎಚ್‌ಡಿಗೆ ಯೋಗ್ಯವಾದ ಪ್ರಶ್ನೆಗಳೇ. ಆದರೆ ಇವನ್ನು ಕೇಳಬಲ್ಲ ಹುಡುಗ ಹುಡುಗಿಯರು ಅರ್ಜಿಯ ಬಾಗಿಲಲ್ಲೇ ನಿಂತುಬಿಡ್ತಾರೆ. 2024ರಿಂದ ನೆಟ್ ಅಂಕವನ್ನೇ ಪಿಎಚ್‌ಡಿ ಪ್ರವೇಶಕ್ಕೂ ಬಳಸುವ ವ್ಯವಸ್ಥೆ ಬಂದಿದೆ. ಜೆಆರ್‌ಎಫ್ ಸಿಗದವರಿಗೆ ಆ ಅಂಕಕ್ಕೆ ಶೇ. 70 ತೂಕ, ಸಂದರ್ಶನಕ್ಕೆ ಶೇ. 30. ಭಾಷಾ ವಿಷಯಗಳನ್ನು ಬಿಟ್ಟರೆ ಆ ಪ್ರಶ್ನೆಪತ್ರಿಕೆ ಬರೋದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಹುಣಸೂರಿನಲ್ಲಿ ಕನ್ನಡ ಮಾಧ್ಯಮದಲ್ಲಿ ಸಮಾಜಶಾಸ್ತ್ರ ಓದಿದವಳು ತನ್ನೂರಿನ ಸಮಾಜದ ಬಗ್ಗೆ ಸಂಶೋಧನೆ ಮಾಡೋಕೆ ಮೊದಲು ಬೇರೆ ಭಾಷೆಯಲ್ಲಿ ಪಾಸಾಗಬೇಕು.

ಅರ್ಜಿ ಅಂದರೆ ಹೀಗೇ ಇರಬೇಕು ಅಂತೇನೂ ಇಲ್ಲ ಕಣ್ರೀ. ಇದೇ ಹುಣಸೂರು ತಾಲೂಕಿನ ಕಲ್ಲಹಳ್ಳಿಯ ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ, 1974ರಲ್ಲಿ, ಭೂಸುಧಾರಣೆ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂತು. ಗೇಣಿದಾರ ಫಾರಂ ನಂಬರ್ 7 ತುಂಬಿ ಭೂನ್ಯಾಯಮಂಡಳಿಗೆ ಕೊಡಬೇಕಿತ್ತು. ನ್ಯಾಯಮಂಡಳಿಯ ಮುಂದೆ ವಕೀಲರು ಬರುವ ಹಾಗಿರಲಿಲ್ಲ. ಜಮೀನ್ದಾರ ದೊಡ್ಡ ವಕೀಲನನ್ನು ತಂದು ಗೇಣಿದಾರನ ಬಾಯಿ ಮುಚ್ಚಿಸಬಾರದು ಅನ್ನೋದೇ ಉದ್ದೇಶ. ಆ ನಿಷೇಧವನ್ನು ಮುಂದೆ ಸುಪ್ರೀಂ ಕೋರ್ಟ್ ರದ್ದು ಮಾಡಿತು, ಅದು ಬೇರೆ ಮಾತು. ಉಳುವವನು ತನ್ನ ಕಥೆ ತಾನೇ ಹೇಳಲಿ ಅಂತ ಯೋಚಿಸಿ ಅರ್ಜಿಯ ದಾರಿ ಮಾಡಿದವರು ಇದ್ದರು. ನಮ್ಮ ವಿಶ್ವವಿದ್ಯಾಲಯಗಳು ಅರ್ಧ ಶತಮಾನದ ನಂತರ ಅದರ ತದ್ವಿರುದ್ಧ ಮಾಡ್ತಿವೆ. ಚೆನ್ನಾಗಿ ಇಂಗ್ಲಿಷ್ ಬರೆಯುವ ನನ್ನಂಥವರೇ ಉಳಿದವರ ವಕೀಲರು.

‘ಎಐ ಇರೋದೇ ಇಂಗ್ಲಿಷಿನಲ್ಲಿ, ಅದು ಬರದವರು ಏನು ಸಂಶೋಧನೆ ಮಾಡ್ತಾರೆ?’ ಅಂತ ನೀವು ಕೇಳಬಹುದು. ಇಂಗ್ಲಿಷ್ ಬೇಡ ಅಂತ ನಾನು ಹೇಳ್ತಿಲ್ಲ. ಯುಜಿಸಿಯ 2022ರ ನಿಯಮದ ಪ್ರಕಾರ ಪಿಎಚ್‌ಡಿಗೆ ಕೋರ್ಸ್‌ವರ್ಕ್ ಕಡ್ಡಾಯ. ಓದುವ ಇಂಗ್ಲಿಷ್, ಮೆಷಿನ್ ಲರ್ನಿಂಗ್‌ನ ಅಡಿಪಾಯ ಎರಡನ್ನೂ ಅಲ್ಲಿ ಕಲಿಸಿ. ಹಾಡಿಯ ಜನ ನಿಮ್ಮನ್ನು ನಂಬಿ ಬಾಯಿ ಬಿಡೋದನ್ನು ಯಾವ ಸೆಮಿಸ್ಟರ್‌ನಲ್ಲಿ ಕಲಿಸ್ತೀರಿ? ಅದು ಬರೋರನ್ನು ಹೊರಗಿಟ್ಟು, ಬರದೇ ಇರೋರಿಗೆ ಫೀಲ್ಡ್‌ವರ್ಕ್ ಹಣ ಕೊಟ್ಟು ಜೀಪಿನಲ್ಲಿ ಕಳಿಸೋದು ಯಾವ ಜಾಣತನ?

ನಾನು ಕೇಳ್ತಿರೋದು ಮೂರೇ. ಸಂಶೋಧನಾ ಪ್ರಸ್ತಾವವನ್ನು ಕನ್ನಡದಲ್ಲಿ ಬರೆದರೂ ತಗೊಳ್ಳಿ, ಸಂದರ್ಶನ ಕನ್ನಡದಲ್ಲೂ ಆಗಲಿ. ಪ್ರೊಫೆಸರ್ ಪತ್ರದ ಜೊತೆಗೆ ಒಬ್ಬ ಅಂಗನವಾಡಿ ಕಾರ್ಯಕರ್ತೆಯ ಪತ್ರಕ್ಕೂ ಬೆಲೆ ಇರಲಿ. ಪ್ರಬಂಧ ಮುಗಿದ ಮೇಲೆ ಯಾವ ಊರಿನ ಬಗ್ಗೆ ಬರೆದರೋ ಆ ಊರಿನ ಗ್ರಾಮಸಭೆಯಲ್ಲಿ ಅದನ್ನು ಓದಿ ಹೇಳುವ ಷರತ್ತು ಹಾಕಿ.

ಈ ವರ್ಷ ಅರ್ಜಿ ಹಾಕುವ ಗೆಳೆಯರೇ, ಈ ಮೂರನ್ನೂ ನಿಮ್ಮ ವಿಭಾಗದವರಿಗೆ ಬರೆದು ಕೇಳಿ. ಕೇಳಿದರೆ ಸೀಟು ಹೋಗುತ್ತೆ ಅನ್ನೋ ಭಯ ಇದ್ದರೆ, ನಿಮ್ಮ ವಿಷಯದ ಹೆಸರಿನಿಂದ ‘ಸಮಾಜ’ ಅನ್ನೋ ಪದ ತೆಗೆದುಬಿಡಿ. ಬರೀ ಎಐ ಅಂತ ಮಾಡಿ, ಅದಕ್ಕೆ ನನ್ನ ತಕರಾರಿಲ್ಲ.