ಬೆರಳಿಗೆ ತಕ್ಕ ಕೊಳಲು

ಮಕ್ಕಳೇ, ಈ ವಾರ ನನ್ನದೇ ಒಂದು ತಪ್ಪಿನ ಕತೆ ಹೇಳುತ್ತೇನೆ.

ಸಂಕ್ರಮಣದ ಸಿದ್ಧೇಶ್ವರ ಜಾತ್ರೆಗೆಂದು ವಿಜಯಪುರಕ್ಕೆ ಹೋದಾಗ ಮೊಮ್ಮಗನಿಗೆ ಕೊಳಲು ತಂದೆ. ಇದ್ದುದರಲ್ಲಿ ಉದ್ದನೆಯದನ್ನೇ ಆರಿಸಿದೆ. ದೊಡ್ಡದಾದರೆ ಒಳ್ಳೆಯದು ಎಂಬ ಲೆಕ್ಕ ನನ್ನದು. ಹೊನವಾಡಕ್ಕೆ ಬಂದ ನಾಲ್ಕೇ ದಿನಕ್ಕೆ ಅವನು ಅದನ್ನು ಮೂಲೆಗಿಟ್ಟ.

“ಅಜ್ಜಾ, ನನಗ ಬರಂಗಿಲ್ಲ. ಕೊಳಲ ಬ್ಯಾಡ” ಎಂದ. ಕಣ್ಣಲ್ಲಿ ನೀರಿತ್ತು.

ಕೈ ಹಿಡಿದು ನೋಡಿದೆ. ಪುಟ್ಟ ಬೆರಳುಗಳು ತೂತುಗಳನ್ನು ಮುಚ್ಚುತ್ತಲೇ ಇರಲಿಲ್ಲ. ಸಂದಿಯಲ್ಲಿ ಗಾಳಿ ಸೋರಿದರೆ ಸ್ವರ ಎಲ್ಲಿಂದ ಬರಬೇಕು? ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಪನ್ನಾಲಾಲ್ ಘೋಷ್ ಅವರ ಕತೆ ಹೇಳಿದೆ.

ಘೋಷ್ ಹುಟ್ಟಿದ್ದು 1911ರಲ್ಲಿ, ಈಗ ಬಾಂಗ್ಲಾದೇಶದಲ್ಲಿರುವ ಬಾರಿಸಾಲ್‌ನಲ್ಲಿ. ಆಗ ಹಿಂದೂಸ್ತಾನಿ ಕಛೇರಿಯಲ್ಲಿ ಕೊಳಲಿಗೆ ದೊಡ್ಡ ಸ್ಥಾನ ಇರಲಿಲ್ಲ. ಅದು ದನ ಕಾಯುವವರ ವಾದ್ಯ ಎನ್ನುತ್ತಿದ್ದರು. ಗಿಡ್ಡ ಕೊಳಲಿನ ದನಿ ತೆಳು. ಗವಾಯಿಗಳ ಗಂಭೀರ ಮಂದ್ರ ಸ್ವರ ಅದರಲ್ಲಿ ಹೊರಡದು. ಕೊಳವೆ ಉದ್ದವಾದಷ್ಟೂ ಸ್ವರ ಇಳಿಯುತ್ತದೆ. ಉದ್ದ ಎರಡು ಪಟ್ಟಾದರೆ ಹೆಚ್ಚುಕಡಿಮೆ ಒಂದು ಸಪ್ತಕ ಕೆಳಗೆ. ಘೋಷ್ ಪ್ರಯೋಗ ಮಾಡುತ್ತ ಮಾಡುತ್ತ ಸುಮಾರು 32 ಇಂಚಿನ ಬಿದಿರ ಕೊಳಲು ಸಿದ್ಧಪಡಿಸಿದರು. ತೀವ್ರ ಮಧ್ಯಮಕ್ಕೆಂದು ಏಳನೆಯ ತೂತು ಸೇರಿಸಿದರು.

ಮುಂಬೈಯಲ್ಲಿ ‘ಬಸಂತ್’ (1942) ಮುಂತಾದ ಸಿನಿಮಾಗಳಿಗೆ ಸಂಗೀತ ಕೊಟ್ಟರು. ಹೆಸರು ಬಂದ ಮೇಲೂ, 1947ರಲ್ಲಿ, ಅಲ್ಲಾವುದ್ದೀನ್ ಖಾನರ ಮುಂದೆ ಶಿಷ್ಯರಾಗಿ ಕುಳಿತರು. ದೀಪಾವಳಿ, ನೂಪುರಧ್ವನಿಯಂಥ ಹೊಸ ರಾಗ ಕಟ್ಟಿದರು. 1956ರಲ್ಲಿ ದೆಹಲಿ ಆಕಾಶವಾಣಿಯ ರಾಷ್ಟ್ರೀಯ ವಾದ್ಯವೃಂದದ ಹೊಣೆ ಹೊತ್ತರು. 1960ರಲ್ಲಿ ತೀರಿಕೊಂಡರೂ ವಿದ್ಯೆ ಉಳಿಯಿತು. ಶಿಷ್ಯರಿಗೆ ಧಾರೆಯೆರೆದಿದ್ದರಲ್ಲ! ಅವರಲ್ಲಿ ಅಳಿಯ ದೇವೇಂದ್ರ ಮುರ್ಡೇಶ್ವರ ಒಬ್ಬರು, ನಿರಂಜನ ಹಳದೀಪುರ ಇನ್ನೊಬ್ಬರು. ಇಬ್ಬರ ಹೆಸರಿನಲ್ಲೂ ನಮ್ಮ ಉತ್ತರ ಕನ್ನಡದ ಊರುಗಳಿವೆ.

ಮೊಮ್ಮಗ ಕೇಳಿದ: “ಅವರಿಗೆ ಉದ್ದಂದು ಬೇಕಾಗಿತ್ತು. ನನಗ?”

“ನಿನಗ ಗಿಡ್ಡಂದು ಬೇಕಪ್ಪ. ಅವರು ತಮ್ಮ ಹಾಡಿಗೆ ತಕ್ಕ ಕೊಳಲ ಹುಡುಕಿದ್ರು. ನಾ ನಿನ್ನ ಕೈ ನೋಡದ ತಂದೆ. ತಪ್ಪು ನಂದು, ನಿಂದಲ್ಲ.”

ಮರುವಾರ ಅವನನ್ನೇ ಕರೆದುಕೊಂಡು ಹೋದೆ. ಬೆರಳಿಟ್ಟು ನೋಡಿ, ಊದಿ, ತಾನೇ ಒಂದನ್ನು ಆರಿಸಿದ. ಆ ಸಂಜೆ ಸೋರದೆ, ನಡುಗದೆ ಒಂದು ‘ಸಾ’ ಬಂತು. ರೊಟ್ಟಿ ಬಡಿಯುತ್ತಿದ್ದ ಅವನ ಅಜ್ಜಿ ಕೈ ನಿಲ್ಲಿಸಿ ಕೇಳಿದಳು.

ಉದ್ದನೆಯ ಕೊಳಲು ಗೋಡೆಯ ಗೂಟಕ್ಕೆ ತೂಗುತ್ತಿದೆ. ಅವನ ಕೈ ಬೆಳೆಯಲಿ, ಇಳಿಸಿಕೊಡುತ್ತೇನೆ.