ಬೆಚ್ಚುವ ಕೂಸಿಗೆ ಕಾಯುವ ಸಲಹೆಯೇ?

ಕೈಕಾಲು ಸೆಳೆದು ಬಾಯಲ್ಲಿ ನೊರೆ ಬಂದರಷ್ಟೇ ಫಿಟ್ಸ್, ಕೂಸು ಸುಮ್ಮನೆ ಬೆಚ್ಚುತ್ತಿದ್ದರೆ ವರ್ಷ ತುಂಬುವವರೆಗೆ ಕಾಯಿರಿ ಎಂಬ ಕಳೆದ ಸಂಚಿಕೆಯ ಲೇಖನದ ಸಲಹೆ ಅಪಾಯಕಾರಿ. 'ಇನ್‌ಫ್ಯಾಂಟೈಲ್ ಸ್ಪಾಸಮ್ಸ್' ಎಂಬ ಕೂಸುಗಳ ಫಿಟ್ಸ್ ಹೆಚ್ಚಾಗಿ ಕಾಣಿಸಿಕೊಳ್ಳುವುದೇ ಮೊದಲ ವರ್ಷದಲ್ಲಿ. ನಿದ್ದೆಯಿಂದೆದ್ದ ಕೂಸು ತಲೆ ಬಾಗಿಸಿ, ಕೈ ಚಾಚಿ, ಮೈ ಮುದುಡುತ್ತದೆ. ಒಂದೆರಡು ಸೆಕೆಂಡು, ಅಷ್ಟೇ. ಸ್ವಲ್ಪ ಹೊತ್ತಿಗೆ ಮತ್ತೆ, ಮತ್ತೆ, ಸಾಲಾಗಿ. ಮನೆಯವರು ಹೊಟ್ಟೆನೋವೆಂದು ಗ್ರೈಪ್ ವಾಟರ್ ಕುಡಿಸುತ್ತಾರೆ. ಇಂಗ್ಲೆಂಡಿನ ವೈದ್ಯ ವಿಲಿಯಂ ಜೇಮ್ಸ್ ವೆಸ್ಟ್ ತನ್ನ ಮಗನಲ್ಲೇ ಇದನ್ನು ಕಂಡು 'ಲ್ಯಾನ್ಸೆಟ್'ಗೆ ಪತ್ರ ಬರೆದದ್ದು 1841ರಲ್ಲಿ. ಲೇಖಕರಿಗೆ ಸುದ್ದಿ ಇನ್ನೂ ತಲುಪಿದಂತಿಲ್ಲ.

ಮೆದುಳಿನ ವಿದ್ಯುತ್ ಚಟುವಟಿಕೆ ದಾಖಲಿಸುವ ಇಇಜಿ ಸರಿಯಿದ್ದರೆ ಮೂರ್ಛೆರೋಗವೇ ಇಲ್ಲ ಎಂಬ ಅವರ ಮಾತೂ ತಪ್ಪು. ಎಚ್ಚರದಲ್ಲಿ ತೆಗೆದ ಇಇಜಿಯಲ್ಲಿ ತಪ್ಪಿಸಿಕೊಂಡದ್ದು ನಿದ್ದೆಯಲ್ಲಿ ಸಿಕ್ಕೀತು. ಜ್ವರದಲ್ಲೊಮ್ಮೆ ಬಂದ ಫಿಟ್ಸ್‌ಗೆ ಅಪಸ್ಮಾರದ ಹಣೆಪಟ್ಟಿ ಬೇಡ ಎಂದೂ ಲೇಖಕರು ಹೇಳಿದ್ದಾರೆ. ಆ ಮಾತು ಮಾತ್ರ ಒಪ್ಪತಕ್ಕದ್ದು. ಉಳಿದಂತೆ, ಅನುಮಾನ ಬಂದ ದಿನವೇ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ಮಕ್ಕಳ ವೈದ್ಯರ ಬಳಿ ಹೋಗಿ, ಸಾಧ್ಯವಿದ್ದರೆ ಮಕ್ಕಳ ನರರೋಗ ತಜ್ಞರ ಬಳಿಗೇ. ಬಾಯಲ್ಲಿ ವಿವರಿಸಿದರೆ 'ಬೆಚ್ಚುವುದು ಸಹಜ' ಎಂಬ ಉತ್ತರ ಸುಲಭವಾಗಿ ಬರುತ್ತದೆ. ವಿಡಿಯೊ ನೋಡಿದವರು ಹಾಗೆ ಕಳಿಸುವುದು ಕಷ್ಟ. ಎಸಿಟಿಎಚ್, ಸ್ಟೀರಾಯ್ಡ್ ಅಥವಾ ವಿಗಾಬ್ಯಾಟ್ರಿನ್ ಚಿಕಿತ್ಸೆ ಶುರುವಾಗುವುದು ತಡವಾದಷ್ಟೂ ಕೂಸಿನ ಬೆಳವಣಿಗೆ ಕುಂಠಿತವಾಗುವ ಸಂಭವ ಹೆಚ್ಚು.