ಕಲೆ ಹಿಡಿಯದ ಕವರ್ ಬೇಡ, ಒಗೆಯೋಕೆ ಬರೋ ಕವರ್ ಬೇಕು

ಮೊದಲೇ ಹೇಳಿಬಿಡ್ತೀವಿ, ಇದು ನೃತ್ಯ-ನಾಟಕದ ‘ಕಲೆ’ ಅಲ್ಲ, ಬಟ್ಟೆಗೆ ಅಂಟೋ ಸಾಂಬಾರಿನ ಕಲೆ. ಕಳೆದ ಸೆಮಿಸ್ಟರಿನಲ್ಲಿ ಮಿನಿ ಪ್ರಾಜೆಕ್ಟ್ ಅಂತ ನಾವು ನಾಲ್ಕು ಜನ ‘ಕಲೆ ಹಿಡಿಯದ ಲ್ಯಾಪ್‌ಟಾಪ್ ಕವರ್’ ಮಾಡಿದ್ವಿ. ಪಾಲಿಯೆಸ್ಟರ್ ಬಟ್ಟೆ, ಒಳಗೆ ಗಮ್ ಹಾಕಿ ಅಂಟಿಸಿದ ಫೋಮ್, ಮೇಲೆ ಆನ್‌ಲೈನ್‌ನಲ್ಲಿ ತರಿಸಿದ ಸ್ಪ್ರೇ. ಡೆಮೊ ದಿನ ಅದರ ಮೇಲೆ ಒಂದು ಲೋಟ ನೀರು ಹೊಯ್ದು, ಕೆಸುವಿನೆಲೆ ಮೇಲಿನ ಹನಿ ಥರ ಉರುಳಿ ಹೋಗೋದನ್ನ ತೋರಿಸಿದ್ವಿ. ಚಪ್ಪಾಳೆ ಬಿತ್ತು, ಅಂಕವೂ ಬಂತು. ಅವೆರಡೂ ನಮಗೆ ಸಲ್ಲಬಾರದಿತ್ತು ಅಂತ ಈಗ ಅನ್ನಿಸ್ತಿದೆ.

ನಮ್ಮಲ್ಲಿ ಇಬ್ಬರು ಮಾರಿಕುಪ್ಪಂನವರು. ಬಂಗಾರಪೇಟೆಯಿಂದ ಕವಲೊಡೆದು ಕೆಜಿಎಫ್‌ಗೆ ಹೋಗೋ ರೈಲುದಾರಿಯ ಕೊನೇ ಸ್ಟೇಷನ್ ಅದು. ಬೆಳಿಗ್ಗೆ ಅಲ್ಲಿಂದ ಬೆಂಗಳೂರಿಗೆ ಹೊರಟ ರೈಲು ಚಾಂಪಿಯನ್, ಊರ್ಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆ ಸೇರೋ ಹೊತ್ತಿಗೆ ಕಾಲಿಡೋಕೆ ಜಾಗ ಇರಲ್ಲ. ಬ್ಯಾಗಿನಲ್ಲಿ ಲ್ಯಾಪ್‌ಟಾಪ್, ಅದಕ್ಕೆ ಒತ್ತಿಕೊಂಡೇ ಊಟದ ಡಬ್ಬಿ. ಯಾರೋ ಒರಗಿದರೆ ಸಾಕು, ಮುಚ್ಚಳದಿಂದ ಎಣ್ಣೆ ಜಿನುಗುತ್ತೆ.

ಇದರ ಜೊತೆಗೆ ಧೂಳು. 2001ರ ಫೆಬ್ರವರಿ 28ಕ್ಕೆ ಚಿನ್ನದ ಗಣಿ ಮುಚ್ಚಿತು. ಆದರೆ ಅದಿರನ್ನ ಹಿಟ್ಟಿನ ಹಾಗೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಪುಡಿ ಇವತ್ತಿಗೂ ಗುಡ್ಡ ಗುಡ್ಡವಾಗಿ ನಿಂತಿದೆ. ಗಾಳಿ ಜೋರಾದ ದಿನ ಕಿಟಕಿ ಮುಚ್ಚಿದರೂ ಮನೆಯೊಳಗೆ ಬರುತ್ತೆ. ಬ್ಯಾಗಿನ ಜಿಪ್ ಅದಕ್ಕೆ ಯಾವ ಲೆಕ್ಕ?

ಒಂದು ತಿಂಗಳು ಆ ಕವರ್ ಈ ದಾರಿಯಲ್ಲಿ ಓಡಾಡಿತು. ನೀರು ಉರುಳಿತು ನಿಜ, ಎಣ್ಣೆ ಉರುಳಲಿಲ್ಲ. ಕಾರಣ ನಮ್ಮ ಪುಸ್ತಕದಲ್ಲೇ ಇತ್ತು. ನೀರಿನ ಮೇಲ್ಮೈ ಎಳೆತ ಮೀಟರಿಗೆ ಸುಮಾರು 72 ಮಿಲಿನ್ಯೂಟನ್, ಅಡುಗೆ ಎಣ್ಣೆಯದು ಅದರ ಅರ್ಧಕ್ಕಿಂತ ಕಮ್ಮಿ. ಮೇಣ, ಸಿಲಿಕೋನ್ ಲೇಪಗಳು ನೀರನ್ನ ದೂರ ಇಡುತ್ತವೆ, ಎಣ್ಣೆಯನ್ನ ಇಡಲಾರವು. ಒಣ ಧೂಳಿಗಂತೂ ಹನಿ ಉರುಳಿಸೋ ಲೇಪ ಲೆಕ್ಕಕ್ಕೇ ಇಲ್ಲ. ಪಾಲಿಯೆಸ್ಟರ್ ಉಜ್ಜಿದಷ್ಟೂ ವಿದ್ಯುದಾವೇಶ ಹುಟ್ಟಿ ಧೂಳನ್ನ ತಾನೇ ಎಳೆದುಕೊಳ್ಳುತ್ತೆ, ಆ ಗಟ್ಟಿ ಕಣಗಳು ಉಜ್ಜಿ ಉಜ್ಜಿ ಲೇಪವನ್ನೇ ಕಿತ್ತು ಹಾಕುತ್ತವೆ.

ದೊಡ್ಡ ಕಂಪನಿಗಳಿಗೂ ಇದು ಸುಲಭವಾಗಿಲ್ಲ. ಆಪಲ್ 2023ರಲ್ಲಿ ಚರ್ಮ ಬಿಟ್ಟು ‘ಫೈನ್‌ವೋವನ್’ ಅನ್ನೋ ಬಟ್ಟೆಯ ಫೋನ್ ಕವರ್ ತಂದಿತ್ತು. ಬೇಗ ಕೊಳೆಯಾಗುತ್ತೆ, ಗೀರು ಬೀಳುತ್ತೆ ಅಂತ ಜನ ದೂರಿದರು. ಮರುವರ್ಷದ ಫೋನಿಗೆ ಆ ಕವರ್ ಬರಲೇ ಇಲ್ಲ.

ಹಾಗಾದರೆ ಎಣ್ಣೆಯನ್ನೂ ತಡೆಯೋದು ಯಾವುದು? ಫ್ಲೋರಿನ್ ಇರೋ ಲೇಪ. ಇಲ್ಲೇ ನಮಗೆ ನಿದ್ದೆ ಕೆಟ್ಟಿದ್ದು. ಇಂಗಾಲ-ಫ್ಲೋರಿನ್ ಬಂಧ ಎಷ್ಟು ಗಟ್ಟಿ ಅಂದರೆ, ಬಟ್ಟೆಯಿಂದ ಕಳಚಿ ನೀರಿಗೆ ಸೇರಿದ ಮೇಲೂ ಅದು ಸುಲಭಕ್ಕೆ ಒಡೆಯಲ್ಲ. ಈ ಗುಂಪಿನ ಪಿಎಫ್‌ಓಎ ಅನ್ನೋ ರಾಸಾಯನಿಕವನ್ನ 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿರ್ಮೂಲನ ಪಟ್ಟಿಗೆ ಸೇರಿಸಿದ್ದಾರೆ. ಚಿನ್ನ ಎಲ್ಲಿಗೋ ಹೋಯಿತು, ಪುಡಿ ಮಾತ್ರ ಊರಲ್ಲೇ ಉಳಿಯಿತು ಅಂತ ದಿನಾ ನೋಡುವ ನಾವೇ, ಒಂದು ಲ್ಯಾಪ್‌ಟಾಪ್ ಕವರಿಗೋಸ್ಕರ ಇನ್ನೊಂದು ಉಳಿಕೆ ಹುಟ್ಟಿಸೋದಾ? ನಮ್ಮ ಸ್ಪ್ರೇ ಡಬ್ಬಿ ಮೇಲೆ ಒಳಗೇನಿದೆ ಅಂತ ಬರೆದೇ ಇರಲಿಲ್ಲ. ನಾವೂ ಕೇಳಿರಲಿಲ್ಲ. ತಪ್ಪು ನಮ್ಮದೇ.

ಕೊಳೆಯಾದ ಕವರನ್ನ ರಾಬರ್ಟ್‌ಸನ್‌ಪೇಟೆಯ ಟೈಲರ್ ಒಬ್ಬರ ಹತ್ತಿರ ತಗೊಂಡು ಹೋದ್ವಿ. ತಿರುಗಿಸಿ ಮುರುಗಿಸಿ ನೋಡಿ, “ಏನ್ರಪ್ಪಾ, ದಿಂಬಿನ ಕವರ್ ಬಿಚ್ಚಿ ಒಗೆಯಲ್ವಾ ನೀವು? ಇದನ್ನ್ಯಾಕೆ ಗಮ್ ಹಾಕಿ ಅಂಟಿಸಿಟ್ಟಿದ್ದೀರ?” ಅಂದರು. ನಾವು ನಾಲ್ಕೂ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡ್ವಿ. ಇಂಜಿನಿಯರಿಂಗ್ ಓದೋರಿಗೆ ಹೊಳೆಯದ್ದು ಇಷ್ಟೇ.

ಎರಡನೇ ಕವರ್ ಅವರೇ ಹೊಲಿದುಕೊಟ್ಟರು. ಹೊರಗೆ ಒತ್ತಾಗಿ ನೇಯ್ದ ದಪ್ಪ ಹತ್ತಿ ಬಟ್ಟೆ, ಯಾವ ಲೇಪವೂ ಇಲ್ಲ. ಫೋಮ್ ಬೇರೆಯೇ ತುಂಡು, ವೆಲ್ಕ್ರೋ ಬಿಡಿಸಿದರೆ ಕೈಗೆ ಬರುತ್ತೆ. ಮೂಲೆಗಳಲ್ಲಿ ಎರಡು ಪದರ, ಜಿಪ್ ಮೇಲೆ ಧೂಳಿಗೆ ಅಡ್ಡವಾಗಿ ಒಂದು ಪಟ್ಟಿ. ಬಣ್ಣ ಗಣಿ ಪುಡಿಯದೇ, ಮಣ್ಣು ಬೂದಿ ಬೆರೆತ ಹಾಗೆ. (ಕಪ್ಪು ಬೇಕು ಅಂತ ಜಗಳ ಆಡಿದ ಸದಸ್ಯನಿಗೆ ಈಗ ಸಮಾಧಾನ ಆಗಿದೆ.) ನೀರು ಬಿದ್ದರೆ ನೆನೆಯುತ್ತೆ, ಹೌದು. ಮಳೆಗೆ ಬ್ಯಾಗಿನ ರೇನ್ ಕವರ್ ಇದೆಯಲ್ಲ.

ಮೂರನೇ ದಿನವೇ ಅದರ ಮೇಲೆ ಸಾಂಬಾರು ಚೆಲ್ಲಿತು. ಸೋಪು ಹಾಕಿದ ತಕ್ಷಣ ಅರಿಶಿನದ ಕಲೆ ಕೆಂಪಾಯಿತು, ಮನೆಯಲ್ಲಿ ಎಲ್ಲರೂ ನೋಡಿರೋದೇ. ಜಾಲಾಡಿಸಿ ಬಿಸಿಲಿಗೆ ಹರಡಿದ್ವಿ. ಅರಿಶಿನದ ಕರ್ಕ್ಯುಮಿನ್ ಬೆಳಕಿಗೆ ಒಡೆಯುತ್ತೆ, ಕೋಲಾರದ ಬಿಸಿಲಿಗೇನು ಬರವೇ? ಎರಡು ದಿನದಲ್ಲಿ ಹುಡುಕಿದರೂ ಕಾಣದಷ್ಟು ಮಾಸಿತು. ಅಂಟಿಸಿದ ಫೋಮ್ ಇದ್ದಿದ್ದರೆ ಒಗೆಯೋದಿರಲಿ, ಒಳಗೆ ಒಣಗದೆ ವಾಸನೆ ಹಿಡೀತಿತ್ತು.

ಮೇಷ್ಟ್ರುಗಳಿಗೂ ಮುಂದಿನ ಬ್ಯಾಚಿನವರಿಗೂ ನಮ್ಮದೊಂದು ಕೋರಿಕೆ. ಡೆಮೊ ಮೇಜಿನ ಮೇಲೆ ಹೊಸ ಕವರಿಗೆ ನೀರು ಹೊಯ್ಯೋದನ್ನ ನಿಲ್ಲಿಸೋಣ. ಹತ್ತು ಸಲ ಒಗೆದ, ಒಂದು ತಿಂಗಳು ಹೊತ್ತು ತಿರುಗಿದ ಕವರನ್ನೇ ತಂದಿಡಲಿ. ಲೇಪ ಹಾಕಿದ್ದರೆ ಅದರಲ್ಲಿ ಏನಿದೆ ಅಂತ ಒಂದು ಸಾಲು ಬರೆದಿಡಲಿ, ಗೊತ್ತಿಲ್ಲದಿದ್ದರೆ ಅಂಕ ಕಳೆಯಿರಿ. ಹಾಗೆ ಲೆಕ್ಕ ಹಾಕಿದರೆ ನಮ್ಮ ಮೊದಲನೇ ಕವರಿಗೆ ಬಂದ ಅಂಕವನ್ನೂ ಕಳೆಯಬೇಕಾಗುತ್ತೆ, ಕಳೆಯಲಿ. ಎರಡನೆಯದು ಸದ್ಯಕ್ಕೆ ಮಾರಿಕುಪ್ಪಂ ರೈಲಿನಲ್ಲಿದೆ. ಶನಿವಾರ ಒಗೆಯೋ ದಿನ, ನೋಡೋರು ಸೋಮವಾರ ಬನ್ನಿ.